ಅಜ್ಜಿಯನ್ನೇ ಕೇಳಿ: ಗಣತಿದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗಣತಿದಾರರೇ,

2027ರ ಜನಗಣತಿಗಾಗಿ ಮನೆಮನೆ ಸುತ್ತುವವರು ನೀವು. ನಿಮ್ಮಲ್ಲಿ ಹೆಚ್ಚಿನವರು ಶಾಲೆಯ ಮೇಷ್ಟ್ರು, ಮೇಡಂಗಳು. ಪಾಠ, ಬಿಸಿಯೂಟ, ಚುನಾವಣೆ ಡ್ಯೂಟಿಗಳ ಮೇಲೆ ಇದೂ ಒಂದು ಹೊರೆ ಎಂದು ಬಲ್ಲೆ. ಆದರೂ ನಿಮ್ಮಲ್ಲಿ ಒಂದು ಕೋರಿಕೆ ಇದೆ. ಅದು ಅಜ್ಜಿಯರ ವಿಷಯ.

2011ರ ಗಣತಿಯ ಹೊತ್ತಿಗೆ ನನ್ನ ಅಜ್ಜಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಳು. ನಮ್ಮೂರು ತುಮಕೂರು ಸೀಮೆಯದು. ಜಗುಲಿಯ ಮೇಲೆ ಕೂತು ಗಣತಿಯವರು ಕೇಳಿದ್ದಕ್ಕೆಲ್ಲ ದೊಡ್ಡಪ್ಪನೇ ಉತ್ತರ ಹೇಳಿದ. ಕಳೆದೊಂದು ವರ್ಷದಲ್ಲಿ ಏನಾದರೂ ಕೆಲಸ ಮಾಡಿದ್ದಾರಾ ಎಂಬ ಪ್ರಶ್ನೆ ಅಜ್ಜಿಯ ಹೆಸರಿನ ಮುಂದೆ ಬಂದಾಗ, ‘ಅವ್ವಂದೇನು ಕೆಲ್ಸ ಸಾ, ವಯಸ್ಸಾಯ್ತು, ಮನೇಲೇ ಇರ್ತಾಳೆ’ ಎಂದ. ಹಾಗೇ ಬರೆದುಕೊಂಡು ಮುಂದಿನ ಹೆಸರಿಗೆ ಹೋದರು. ಆ ಹೊತ್ತಿನಲ್ಲಿ ಅಜ್ಜಿ ಮನೆಯಲ್ಲೇ ಇರಲಿಲ್ಲ. ಕೆಳಗಲ ಬೀದಿಯ ಬಾಣಂತಿ ಮನೆಗೆ ಕೂಸಿಗೆ ನೀರು ಹಾಕಲು ಹೋಗಿದ್ದಳು.

ಆ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಎರಡೂ ಕಾಲು ನೀಡಿ ಕೂತು ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಳ್ಳುವಳು. ಹಂಡೆಯ ನೀರನ್ನು ತನ್ನ ಮುಂಗೈ ಮೇಲೆ ಸುರಿದುಕೊಂಡು ಹದ ನೋಡದೆ ಒಂದು ಚೊಂಬೂ ಹುಯ್ಯುತ್ತಿರಲಿಲ್ಲ. ಮೈಗೆಲ್ಲ ಹರಳೆಣ್ಣೆ ನೀವಿದರೂ ನೆತ್ತಿಗೆ ಬಂದಾಗ ಬೆರಳು ಒತ್ತದೆ ಬರೀ ಅಂಗೈಯಿಂದ ಮುಟ್ಟುವಳು. ಕಡಲೆಹಿಟ್ಟು ಹಚ್ಚಿ ತೊಳೆದು, ಕೈಕಾಲನ್ನು ಅಡ್ಡಡ್ಡ ಮಡಿಸಿ ಬಿಡಿಸಿ, ಬಟ್ಟೆ ಸುತ್ತಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸುವಳು. ಕೂಸು ಅತ್ತು ಅತ್ತು ನಿದ್ದೆಹೋದ ಮೇಲೆ ತಾಯಿಯ ಸರದಿ. ಅವಳಿಗೆ ಎಣ್ಣೆನೀರು, ನಡುವಿಗೆ ಬಿಗಿಯಾಗಿ ಒಂದು ಹಳೇ ಸೀರೆ, ಊಟಕ್ಕೆ ಮೆಣಸು ಬೆಳ್ಳುಳ್ಳಿಯ ಸಾರನ್ನ. ಉಣ್ಣುವವರೆಗೂ ಎದುರಿಗೇ ಕೂತಿರುವಳು. ಕೂಸಿನ ಕಣ್ಣಲ್ಲಿ ಹಳದಿ ಕಂಡರೆ ಮಾತ್ರ ಅವಳ ದನಿ ಬದಲಾಗುತ್ತಿತ್ತು: ‘ನನ್ ಕೈಲಿಲ್ಲ ಕಣವ್ವ ಇದು, ಇವತ್ತೇ ಆಸ್ಪತ್ರೆಗೆ ಕರ್ಕೊಂಡೋಗಿ.’ ಯಾರಾದರೂ ನೋಟು ಮುಂದಕ್ಕೆ ಹಿಡಿದರೆ ಎಲೆ ಅಡಿಕೆ ಎತ್ತಿಕೊಂಡು ನೋಟು ಅಲ್ಲೇ ಬಿಟ್ಟು ಬರುತ್ತಿದ್ದಳು.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಅಲ್ಲಿಗೆ ಮುದ್ದೆ ಸಾರು ಮೊದಲು ಹೋಗುತ್ತಿದ್ದುದು ನಮ್ಮ ಮನೆಯಿಂದ. ಸಿದ್ಧಗಂಗೆಯ ಜಾತ್ರೆ ಬಂದರೆ ಓರಗೆಯ ಹೆಂಗಸರನ್ನು ಕಟ್ಟಿಕೊಂಡು ದಾಸೋಹಕ್ಕೆ ತರಕಾರಿ ಹೆಚ್ಚಲು ಹೋಗುವಳು. ಮನೆಯಲ್ಲೇನು ಕಡಿಮೆಯೇ? ಐದು ಮಕ್ಕಳನ್ನು ಸಾಕಿದ್ದಾಯಿತು, ಆಮೇಲೆ ಮೊಮ್ಮಕ್ಕಳಾದ ನಮ್ಮನ್ನು. ಅಮ್ಮ ದಿನಾ ಬಸ್ಸು ಹತ್ತಿ ಕೆಲಸಕ್ಕೆ ಹೋಗಿ ಬರಲು ಸಾಧ್ಯವಾದದ್ದು ಅಜ್ಜಿ ಮನೆಯಲ್ಲಿದ್ದಳೆಂಬ ಧೈರ್ಯದಿಂದಲೇ. ಅಮ್ಮನ ಸಂಬಳ ಲೆಕ್ಕಕ್ಕೆ ಸಿಕ್ಕಿತು, ಅದಕ್ಕೆ ಆಧಾರವಾಗಿ ನಿಂತವಳು ಸಿಗಲಿಲ್ಲ.

ನಿಮ್ಮ ಇಲಾಖೆಯ ಹಳೆಯ ನಿಯಮದ ಪ್ರಕಾರ ನೋಡಿದರೂ ದೊಡ್ಡಪ್ಪನ ಉತ್ತರ ತಪ್ಪು. ಮನೆಬಳಕೆಗೆಂದೇ ಹಾಲು ಉತ್ಪಾದಿಸಿದರೂ, ಮನೆಯ ಊಟಕ್ಕೆಂದೇ ಬೆಳೆ ತೆಗೆದರೂ ಅಂಥವರು ಕೆಲಸಗಾರರು ಎಂಬುದು ಗಣತಿಯ ವ್ಯಾಖ್ಯೆ. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆಗೆ ಎರಡು ಹೊತ್ತು ಹುಲ್ಲು ಹಾಕಿ ಹಾಲು ಕರೆಯುತ್ತಿದ್ದವಳು ಅಜ್ಜಿಯೇ. ‘ಎಮ್ಮೆ ಯಾರು ನೋಡ್ಕೋತಾರೆ?’ ಎಂದು ಇನ್ನೊಂದೇ ಮಾತು ಕೇಳಿದ್ದರೆ ಸಾಕಿತ್ತು.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. 2011ರ ಗಣತಿಯಲ್ಲಿ ಸುಮಾರು 15.98 ಕೋಟಿ ಹೆಂಗಸರು ಮನೆಗೆಲಸವೇ ತಮ್ಮ ಮುಖ್ಯ ಕಸುಬು ಎಂದಿದ್ದರು, ಗಂಡಸರು ಸುಮಾರು 57.9 ಲಕ್ಷ. ಈ ಅಂಕಿಗಳನ್ನು 2021ರ ಜನವರಿಯ ಒಂದು ಅಪಘಾತ ಪರಿಹಾರದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಉಲ್ಲೇಖಿಸಿದ್ದಾರೆ. ಅದಕ್ಕೂ ಮೊದಲು, 2010ರಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿ 2001ರ ಗಣತಿಯನ್ನು ಕಟುವಾಗಿ ಟೀಕಿಸಿದ್ದರು. ಮನೆ ನಡೆಸುವ ಹೆಂಗಸರನ್ನು ಭಿಕ್ಷುಕರು ಮತ್ತು ಕೈದಿಗಳ ಸಾಲಿಗೆ, ದುಡಿಯದವರ ಗುಂಪಿಗೆ ಸೇರಿಸಿದ್ದು ಅವರನ್ನು ಕೆರಳಿಸಿತ್ತು. ಮನೆಯಾಕೆ ರಸ್ತೆಯಲ್ಲಿ ಸತ್ತಾಗ ಪರಿಹಾರ ಕಟ್ಟಲು ಕೋರ್ಟು ಅವಳ ದುಡಿಮೆಗೆ ಬೆಲೆ ಹುಡುಕಬೇಕಾಗುತ್ತದೆ. ಬದುಕಿದ್ದಾಗಲೇ ಯಾಕೆ ನೋಡಬಾರದು ಎಂಬುದು ನನ್ನ ಪ್ರಶ್ನೆ.

ನೋಡುವುದು ಅಸಾಧ್ಯವೇನಲ್ಲ. ಕೇಂದ್ರ ಸರ್ಕಾರವೇ 2019ರಲ್ಲಿ ಮೊದಲ ಬಾರಿಗೆ ದೇಶದಾದ್ಯಂತ, ಮತ್ತೆ 2024ರಲ್ಲಿ, ಜನ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿದೆ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು 2024ರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಟ್ಟಿದ್ದಾರೆ, ಮಾಡುವ ಗಂಡಸರು 88 ನಿಮಿಷ. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆ ಇದರಿಂದಾಚೆಗಿನದು. ಊರಿಗಾಗಿ ಪುಕ್ಕಟೆ ಮಾಡುವ ದುಡಿಮೆಗೂ ಆ ಸಮೀಕ್ಷೆಯಲ್ಲಿ ಒಂದು ಜಾಗವಿದೆ. ಆದರೆ ಅದು ಆಯ್ದ ಕೆಲವೇ ಮನೆಗಳ ಸಮೀಕ್ಷೆ. ಎಲ್ಲರ ಮನೆ ಬಾಗಿಲಿಗೂ ಬರುವವರು ನೀವು ಮಾತ್ರ.

ನಮ್ಮ ಜಿಲ್ಲೆಯ ಇನ್ನೊಬ್ಬ ಅಜ್ಜಿಯನ್ನು ನೆನೆಯದೆ ಈ ಪತ್ರ ಮುಗಿಯದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ. ಕೂಲಿನಾಲಿ ಮಾಡಿಕೊಂಡು ಹನ್ನೆರಡು ಮಕ್ಕಳನ್ನು ಹೆತ್ತ ತಾಯಿ. ಹೆರಿಗೆ ಮಾಡಿಸುವುದನ್ನು ಕಲಿತದ್ದು ತನ್ನ ಅಜ್ಜಿ ಮರಿಗೆಮ್ಮನಿಂದ. ಆಸ್ಪತ್ರೆ ದೂರದ ಮಾತಾಗಿದ್ದ ಬರದ ಸೀಮೆಯಲ್ಲಿ ದಶಕಗಳ ಕಾಲ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಒಂದು ಪೈಸೆ ಕೇಳದೆ ಮಾಡಿಸಿದವರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಆ ಗೌರವಕ್ಕೆ ಅವರು ನೂರಕ್ಕೆ ನೂರು ಅರ್ಹರು. ನನ್ನ ಸಂಕಟ ಬೇರೆಯದು. ಗಣತಿಯ ಫಾರಂ ಹಿಡಿದು ಹೋದವರ ಲೆಕ್ಕದಲ್ಲಿ ನರಸಮ್ಮ ಹೆಚ್ಚೆಂದರೆ ಒಬ್ಬ ಕೂಲಿಯಾಳು. ಅಷ್ಟು ಹೆರಿಗೆಗಳನ್ನು ಬರೆದುಕೊಳ್ಳಲು ಅಲ್ಲಿ ಕಾಲಮ್ಮೇ ಇಲ್ಲ. ಒಬ್ಬರಿಗೆ ರಾಷ್ಟ್ರಪತಿ ಭವನದ ಬಾಗಿಲು ತೆರೆಯಿತು, ಸಂತೋಷ. ಅವರ ಹಾಗೆಯೇ ದುಡಿದ ಬೇರೆ ಊರುಗಳ ಅಜ್ಜಿಯರ ಹೆಸರು ಅವರ ಓಣಿಯಾಚೆ ಯಾರಿಗೂ ಗೊತ್ತಾಗಲಿಲ್ಲ.

ನನ್ನ ಅಜ್ಜಿಯ ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಇಬ್ಬರು, ಅವಳ ಕಾಲಮೇಲೆ ಮಲಗಿ ನೀರು ಹಾಕಿಸಿಕೊಂಡ ಕೂಸುಗಳು. ಅವರ ತಾಯಂದಿರು ನಮ್ಮ ಅಂಗಳದಲ್ಲಿ ಕೂತು ಅತ್ತದ್ದು ನಮಗಿಂತ ಹೆಚ್ಚು. ಆ ಹೆಂಗಸರನ್ನು ಕೇಳಿದ್ದರೆ ಅಜ್ಜಿ ಏನು ಕೆಲಸ ಮಾಡುತ್ತಿದ್ದಳೆಂದು ಬಿಡಿಸಿ ಹೇಳುತ್ತಿದ್ದರು.

ಫಾರಂ ಬದಲಾಯಿಸುವ ಅಧಿಕಾರ ನಿಮಗಿಲ್ಲ, ಬಲ್ಲೆ. ಅದನ್ನು ನಿಮ್ಮ ಮೇಲಿನವರಿಗೆ ಹೇಳುತ್ತೇನೆ: ಊರಿಗಾಗಿ ಮಾಡುವ ದುಡಿಮೆಗೆ ಒಂದು ಪ್ರಶ್ನೆ ಇರಲಿ. ಆದರೆ ಯಾರನ್ನು ಕೇಳುತ್ತೀರಿ, ಹೇಗೆ ಕೇಳುತ್ತೀರಿ ಎಂಬುದು ನಿಮ್ಮ ಕೈಯಲ್ಲಿದೆ. ಜಗುಲಿಯ ಮೇಲಿನ ಗಂಡಸಿನ ಮಾತಿಗೆ ಮೊಬೈಲಿನಲ್ಲಿ ಒತ್ತಿ ಮುಂದೆ ಹೋಗಬೇಡಿ. ಹಸು, ಎಮ್ಮೆ, ಕೋಳಿ ಯಾರ ಪಾಲಿನದು, ಹೊಲಕ್ಕೆ ಯಾರು ಹೋಗುತ್ತಾರೆ ಎಂದು ವಿಚಾರಿಸಿ. ಹಿರಿಯಳನ್ನು ಒಳಗಿಂದ ಕರೆಸಿ, ಅವಳ ಬಾಯಿಂದಲೇ ಕೇಳಿ. ‘ನಂದೇನೈತೆ ಬುಡಪ್ಪಾ’ ಎಂದಾಳು. ಎರಡನೇ ಸಲ ಕೇಳಿ.

ಓದುಗರಲ್ಲೂ ಒಂದು ಮಾತು. ಈ ಸಲ ಸ್ವಯಂ ಗಣತಿಗೂ ಅವಕಾಶವಿದೆ. ಮನೆಯವರೆಲ್ಲರ ವಿವರವನ್ನು ನೀವೊಬ್ಬರೇ ತುಂಬಲು ಕೂರಬೇಡಿ. ಅವ್ವನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿ ತುಂಬಿ.

ಇಂತಿ,
ಒಬ್ಬ ಮೊಮ್ಮಗಳು