ಗೇಮಣ್ಣ

ಬಸವನಗುಡಿಯಾಗಲಿ, ದಾವಣಗೆರೆಯಾಗಲಿ, ಎಂಜಿನಿಯರಿಂಗ್ ಮುಗಿಸಿದ ಹುಡುಗರಿರುವ ಬೀದಿಯಲ್ಲಿ ಒಬ್ಬ ಗೇಮಣ್ಣ ಸಿಕ್ಕೇ ಸಿಗುತ್ತಾನೆ. ಅವನ ಸ್ಟುಡಿಯೋಗೆ ಹೆಸರಿದೆ, ಲೋಗೊ ಇದೆ, ಲಿಂಕ್ಡ್‌ಇನ್‌ನಲ್ಲಿ 'ಫೌಂಡರ್' ಎಂಬ ಪದವಿಯಿದೆ. ಗೇಮ್ ಒಂದು ಬಾಕಿ.

ಮೊದಲ ಗೇಮ್ ಚಿಕ್ಕದಿರಲಿ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಅದಕ್ಕೇ ಇವನು ಇಡೀ ಬೆಂಗಳೂರಿನ ಗೊಡವೆಗೆ ಹೋಗದೆ ರಿಂಗ್ ರೋಡಿನ ಒಳಗಿನದನ್ನಷ್ಟೇ ಕಟ್ಟಲು ಹೊರಟಿದ್ದಾನೆ. ಓಪನ್ ವರ್ಲ್ಡ್, ಮಲ್ಟಿಪ್ಲೇಯರ್, ಮಳೆ ಬಂದರೆ ಅಂಡರ್‌ಪಾಸ್ ತುಂಬಬೇಕು. "ಒಬ್ಬನ ಕೈಲಿ ಆಗುತ್ತೇನೋ?" ಎಂದರೆ, "ಸ್ಟಾರ್‌ಡ್ಯೂ ವ್ಯಾಲಿ ಗೇಮನ್ನ ಎರಿಕ್ ಬರೋನ್ ಒಬ್ಬನೇ ಮಾಡಲಿಲ್ವಾ ಅಂಕಲ್?" ಎನ್ನುತ್ತಾನೆ. ಬರೋನ್ ನಾಲ್ಕು ವರ್ಷಕ್ಕೂ ಮಿಕ್ಕಿ ದುಡಿದು 2016ರಲ್ಲಿ ಅದನ್ನು ಹೊರತಂದ ಎಂಬಲ್ಲಿಗೆ ಮಾತು ಬರುವಷ್ಟರಲ್ಲಿ ಇವನಿಗೆ ಯಾವುದೋ ಫೋನ್ ಬಂದಿರುತ್ತದೆ.

ಶುರು ಮಾಡಿದ್ದು ಗೇಮ್ ಕಟ್ಟುವ ತಂತ್ರಾಂಶ ಯೂನಿಟಿಯಲ್ಲಿ. 2023ರಲ್ಲಿ ಆ ಕಂಪನಿ ಗೇಮಿನ ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಹಾಕುತ್ತೇವೆಂದಾಗ, ಒಂದೂ ಇನ್‌ಸ್ಟಾಲ್ ಕಾಣದ ಗೇಮಣ್ಣ ಎಲ್ಲರಿಗಿಂತ ಮೊದಲು ಸಿಟ್ಟಿಗೆದ್ದು ಅನ್‌ರಿಯಲ್‌ಗೆ ಹಾರಿದ. ಅಲ್ಲಿ ಲ್ಯಾಪ್‌ಟಾಪ್ ಕುಕ್ಕರ್‌ನಂತೆ ಕೂಗತೊಡಗಿತು. ಪುಕ್ಕಟೆ ಸಿಗುವ, ಹಗುರವಾದ ಗೊಡೊಗೆ ಬಂದ. 2024ರಲ್ಲಿ ಯೂನಿಟಿ ಆ ಶುಲ್ಕವನ್ನು ಕೈಬಿಟ್ಟದ್ದು ತನ್ನ ಹೋರಾಟದ ಫಲವೆಂದೇ ಅವನ ನಂಬಿಕೆ.

ರಾತ್ರಿ ಅಮ್ಮ ಹಾಲು ತಂದಿಟ್ಟು ಪರದೆ ನೋಡುತ್ತಾರೆ. ನಾಯಕ ನಾಲ್ಕು ಹೆಜ್ಜೆ ನಡೆದು ರಸ್ತೆಯೊಳಗೇ ಇಳಿದು ಮಾಯವಾಗುತ್ತಾನೆ.

"ಅಯ್ಯೋ, ಬಿದ್ದ ಕಣೋ!"

"ನೆಲಕ್ಕೆ ಕೊಲೈಡರ್ ಹಾಕಿಲ್ಲಮ್ಮ."

"ಹಾಕಬಾರದೇನೋ, ಪಾಪ!"

ಮದುವೆ ಮನೆಯಲ್ಲಿ ದೊಡ್ಡಪ್ಪ ಹಿಡಿಯುತ್ತಾರೆ. "ಆಟ ಆಡೋಕೂ ಸಂಬಳ ಕೊಡ್ತಾರೇನಪ್ಪ?" ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರುವಾದದ್ದು, 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಅದನ್ನು ಕೊಂಡದ್ದು, ಎಲ್ಲವನ್ನೂ ಗೇಮಣ್ಣ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ದೊಡ್ಡಪ್ಪ ತಲೆದೂಗುತ್ತಾರೆ. "ಹಾಗಾದ್ರೆ ನಮ್ಮನೆ ಪ್ರಿಂಟರ್ ಸ್ವಲ್ಪ ನೋಡಿಕೊಡು."

ಕೊನೆಗೆ ಅಪ್ಪ ಯುಗಾದಿಯವರೆಗೆ ಗಡುವು ಕೊಟ್ಟಾಗ ರಿಂಗ್ ರೋಡು ಕುಗ್ಗಿ ಒಂದೇ ರಸ್ತೆಯಾಯಿತು, ನಾಯಕ ಆಟೋ ಆದ, ಕಥೆ ಗುಂಡಿ ತಪ್ಪಿಸುವುದಕ್ಕೆ ಇಳಿಯಿತು. ಪ್ಲೇ ಸ್ಟೋರಿಗೆ 25 ಡಾಲರ್ ಕಟ್ಟಿದ ಮೇಲೆ ಇನ್ನೊಂದು ನಿಯಮ ಎದುರಾಯಿತು: ಹೊಸಬರ ಗೇಮನ್ನು 12 ಮಂದಿ ಸತತ 14 ದಿನ ಪರೀಕ್ಷೆಗಿಟ್ಟುಕೊಳ್ಳಬೇಕು. ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ಮೊದಲ ಸಲ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಕೆಲಸಕ್ಕೆ ಬಂತು. ಸೋದರತ್ತೆ ಬರೆದರು: "ಚೆನ್ನಾಗಿದೆ. ಆದ್ರೆ ಆಟೋದವನು ಮೀಟರ್ ಹಾಕಿಲ್ಲ." ಗೇಮಣ್ಣ ಮೀಟರ್ ಹಾಕಿದ. ಗುಂಡಿಗೆ ಬಿದ್ದಷ್ಟೂ ಅದು ಜಿಗಿಯುವಂತೆ ಮಾಡಿದ. ಆಗ ಆಟಕ್ಕೆ ಜೀವ ಬಂತು.

ಅದನ್ನೇ ಹಿಡಿದು ಒಂದು ಗೇಮ್ ಕಂಪನಿಯ ಸಂದರ್ಶನಕ್ಕೆ ಹೋದ. ಅಲ್ಲಿ ಲೋಗೊ ಯಾರೂ ಕೇಳಲಿಲ್ಲ. ಆ ಆಟೋ ಎರಡು ನಿಮಿಷ ಓಡಿಸಿ, ಮೀಟರಿನ ಐಡಿಯಾ ಯಾರದೆಂದು ಕೇಳಿದರು. ಕೆಲಸ ಸಿಕ್ಕಿತು: ಗೇಮ್ ಟೆಸ್ಟರ್. ಯಾವ ಗೋಡೆಯಲ್ಲಿ ನಾಯಕ ಸಿಕ್ಕಿಹಾಕಿಕೊಳ್ಳುತ್ತಾನೆಂದು ನೋಡಲು ದಿನವಿಡೀ ಗೋಡೆಗೋಡೆಗೂ ಡಿಕ್ಕಿ ಹೊಡೆಯಬೇಕು. ಸಿಕ್ಕಿಕೊಂಡರೆ ವರದಿ ಬರೆದು, ರಿಪೇರಿಯಾದ ಮೇಲೆ ಮತ್ತೆ ಅದೇ ಗೋಡೆಗೆ ಹೋಗಬೇಕು. ಆಟ ಆಡುವುದಕ್ಕೇ ಸಂಬಳ ಎಂದು ದೊಡ್ಡಪ್ಪನಿಗೆ ಈಗ ಎದೆತಟ್ಟಿ ಹೇಳಬಹುದು. ಆದರೆ ಅಪ್ಪ ಬಿಡುತ್ತಿಲ್ಲ. ಹೆಣ್ಣಿನ ಕಡೆಯವರಿಗೆಲ್ಲ ಅವರು ಆಗಲೇ 'ಸಾಫ್ಟ್‌ವೇರ್' ಎಂದು ಹೇಳಿಯಾಗಿದೆ.