ಮೇಜರ್ ಗೌಡಿಯ ಕೋಟು

ರಾಯಕೋಟೆ. ಕೂತ್ತು (ತಮಿಳು ಬಯಲಾಟ), ನಾಟಕಗಳಿಗೆ ವೇಷ ಬಾಡಿಗೆ ಕೊಡುವ ಅಂಗಡಿ.

“ಮಾವ, ಕೋಟೆ ಮೇಳಕ್ಕೆ 1791ರ ಡ್ರೆಸ್ ಬೇಕು. ಒಂದು ಟಿಪ್ಪು ಸಿಪಾಯಿದು, ಒಂದು ಮೇಜರ್ ಗೌಡಿದು.”

“ಗೌಡ್ರಾ? ಯಾವೂರ ಗೌಡ್ರಪ್ಪಾ?”

“ಗೌಡ್ರಲ್ಲ, ಗೌಡಿ. ಬ್ರಿಟಿಷ್ ಕಂಪನಿಯೋನು. ಆ ವರ್ಷ ಜುಲೈನಾಗೆ ನಮ್ಮ ಬೆಟ್ಟದ ಕೋಟೆ ಹಿಡಿದೋನು.”

“ಹಂಗಾದ್ರೆ ಕೆಂಪು ಕೋಟು. ಬ್ಯಾಂಡ್‌ಸೆಟ್‌ನೋರದು ಐತೆ. ಬೆನ್ನ ಮೇಲೆ ಅವರ ಫೋನ್ ನಂಬರ್ ಹೊಲ್ಸವ್ರೆ, ಅಷ್ಟೇಯ.”

“ಗೆದ್ದೋನು ಬೆನ್ಯಾಕೆ ತೋರಿಸ್ತಾನೆ ಬಿಡಿ. ಸಿಪಾಯಿಗೆ?”

“ದುರ್ಯೋಧನಂದು ಕೊಡ್ತೀನಿ. ಕಿರೀಟ ಬಿಚ್ಚಿದ್ರೆ ಯಾರಾದ್ರೂ ಸಿಪಾಯೀನೇ.”

“ಟಿಪ್ಪು ಕಡೆಯೋರು ಹುಲಿಪಟ್ಟೆ ಅಂಗಿ ಹಾಕ್ತಿದ್ರು, ಮಾವ.”

“ಪಟ್ಟೆ ತಾನೆ? ನನ್ನ ಲುಂಗಿ ಹೊಲ್ಸಿ ಕೊಡ್ತೀನಿ.”

(ಚರಿತ್ರೆ ಬರೆಯುವ ಕೆಲವರೂ ಇದೇ ಅಂಗಡಿಯ ಗಿರಾಕಿಗಳೆಂದು ನನಗೆ ಗುಮಾನಿ.)

“ಫಿರಂಗಿ ಗುಂಡು?”

“ಟೊಮೆಟೊ ಮಂಡಿ ಇಲ್ಲೇ ಐತಲ್ಲಪ್ಪಾ! ರೇಟು ಬಿದ್ದ ದಿನ ಮೇಳ ಇಟ್ಕಳ್ಳಿ, ಬೇಕಾದಷ್ಟು ಹೊಡೀರಿ.”

“ಕೊನೇ ಸೀನು 1792, ಶ್ರೀರಂಗಪಟ್ಟಣದ ಒಪ್ಪಂದ. ಕೋಟೆ ಕಂಪನಿಯೋರ ಪಾಲಾಯ್ತು.”

“ಕೋಟೆ ಯಾರ ಪಾಲಾದ್ರೂ ಆಗ್ಲಿ, ಕೋಟು ಸೋಮವಾರ ವಾಪಸ್ ಬರ್ಬೇಕು. ಅಡ್ವಾನ್ಸ್ 500 ಇಡು.”