ಅಳತೆ ಕೇಳದ ದೇವಿಯರು

ಮಳೆ ಕೈಕೊಡದ ವರ್ಷ ಕನ್ನಂಬಾಡಿ ಕಟ್ಟೆಯ ನೀರು 124.80 ಅಡಿ ಮುಟ್ಟಿತೆಂದರೆ ಮುಖ್ಯಮಂತ್ರಿಗಳು ಬಂದು ಕಾವೇರಿಗೆ ಬಾಗಿನ ಬಿಡುತ್ತಾರೆ. ಎಚ್.ಡಿ.ಕೋಟೆ ಕಡೆ ಕಬಿನಿ 2,284 ಅಡಿಗೆ ತುಂಬಿದರೆ ಅವಳಿಗೂ ಅದೇ ಮರ್ಯಾದೆ. ಟೀವಿಯಲ್ಲಿ ತೋರಿಸುವಾಗ ಮನೆಯ ಗಂಡಸರು ಒಳಹರಿವು ಎಷ್ಟು ಕ್ಯೂಸೆಕ್, ತಮಿಳುನಾಡಿಗೆ ಹೋಗುವುದು ಎಷ್ಟು ಅಂತ ಲೆಕ್ಕ ಹಾಕುತ್ತಿದ್ದರೆ ನನ್ನ ಕಣ್ಣು ಮೊರದೊಳಗೆ. ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ಅಕ್ಕಿ, ಬೇಳೆ, ಬೆಲ್ಲ, ಇವೆಲ್ಲದರ ಜೊತೆಗೆ ರವಿಕೆ ಕಣ ಇಲ್ಲದಿದ್ದರೆ ಅದು ಬಾಗಿನವೇ ಅಲ್ಲ. ನೀರಿನ ಮಟ್ಟವನ್ನು ಅಡಿಯ ನೂರನೇ ಭಾಗದ ತನಕ ಅಳೆದು ಪತ್ರಿಕಾ ಪ್ರಕಟಣೆ ಕೊಡುವ ಸರ್ಕಾರ, ಅದೇ ನದಿಗೆ ರವಿಕೆ ಕೊಡುವಾಗ ಮಾತ್ರ ಅಳತೆ ಕೇಳಿದ್ದಿಲ್ಲ.

ಕಾವೇರಿಯೂ ಹೇಳಿದವಳಲ್ಲ. ತಲಕಾವೇರಿಯ ಪುಟ್ಟ ಕುಂಡಿಕೆಯಲ್ಲಿ ಬೊಗಸೆಯಷ್ಟಿರುವವಳು, ಆಷಾಢದಲ್ಲಿ ನಮ್ಮ ಚುಂಚನಕಟ್ಟೆಗೆ ಬಂದು ಧುಮುಕುವ ಹೊತ್ತಿಗೆ ಹೇಗೆ ಮೈತುಂಬಿರುತ್ತಾಳೆ ಎಂಬುದನ್ನು ಕೋದಂಡರಾಮನ ಗುಡಿಯ ಹಿಂದೆ ನಿಂತು ನೋಡಬೇಕು. ಅಲ್ಲಿಗೂ ಇಲ್ಲಿಗೂ ಒಂದೇ ಕಣ. ಹಾಗಿದ್ದೂ ಒಂದು ದಿನವೂ ಬಿಗಿಯಾಯಿತು ಅಂತ ಹಿಂದಿರುಗಿಸಿಲ್ಲ.

ನಮ್ಮೂರು ಮಿರ್ಲೆಯಲ್ಲಿ ರವಿಕೆ ಕಣವನ್ನು ಹೊಲಿಸುವವರು ಕಡಿಮೆ. ಅದು ಇರುವುದು ಕೊಡುವುದಕ್ಕೆ. ಗೌರಿ ಹಬ್ಬಕ್ಕೆ ಬಾಗಿನದಲ್ಲಿ ಬರುತ್ತದೆ, ಸೀಮಂತಕ್ಕೆ ಹೋಗುತ್ತದೆ, ಗೃಹಪ್ರವೇಶದಲ್ಲಿ ಎಲೆ ಅಡಿಕೆಯ ಜೊತೆ ವಾಪಸ್ ಬರುತ್ತದೆ. ರಿಸರ್ವ್ ಬ್ಯಾಂಕಿನ ಹಂಗಿಲ್ಲದೆ ಇಷ್ಟು ಅಚ್ಚುಕಟ್ಟಾಗಿ ಚಲಾವಣೆಯಲ್ಲಿರುವ ವಸ್ತು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಕೊಡುವವರಿಗೂ ಗೊತ್ತು ಇದನ್ನು ಇವಳು ಹೊಲಿಸುವುದಿಲ್ಲ ಅಂತ, ತಗೊಳ್ಳುವವಳಿಗೂ ಗೊತ್ತು ಇದನ್ನು ಅವಳು ಕೊಂಡದ್ದಲ್ಲ ಅಂತ. ಎಂಬತ್ತು ಸೆಂಟಿಮೀಟರ್ ಅಂತ ಮಾರಿದ್ದು ಅಳೆದು ನೋಡಿದರೆ ಅಷ್ಟಿರುವುದಿಲ್ಲ, ಬಣ್ಣ ಯಾವ ಸೀರೆಗೂ ಹೊಂದುವುದಿಲ್ಲ. ನಮ್ಮತ್ತಿಗೆಯ ಟ್ರಂಕಿನಲ್ಲಿ ಇಂಥವುಗಳ ಒಂದು ದೊಡ್ಡ ಗಂಟೇ ಇದೆ. ಅದರಲ್ಲಿ ಒಂದು ಪಾಚಿ ಹಸಿರು ಟೂ ಬೈ ಟೂ ರೂಬಿಯಾ, ಮೂಲೆಯಲ್ಲಿ ಅರಿಶಿನದ ಕಲೆ. ಆ ಕಲೆಯಿಂದಾಗಿ ಅದರ ಗುರುತು ಸಿಕ್ಕಿತ್ತು. ಸಾಲಿಗ್ರಾಮದ ಸೀಮಂತಕ್ಕೆ ಅಂತ ಮನೆ ಬಿಟ್ಟದ್ದು ಭೇರ್ಯದ ಗೃಹಪ್ರವೇಶದಿಂದ ವಾಪಸ್ಸಾಗಿತ್ತು. ಮತ್ತೆ ಯಾರದೋ ಮಡಿಲು ತುಂಬಿ ಕಳಿಸಿದರೆ ಕೆ.ಆರ್.ನಗರದ ಬೀಗರ ಕೈಯಿಂದ ಇನ್ನೊಮ್ಮೆ. ಅತ್ತಿಗೆ ಅದನ್ನು ಕಂಡಾಗಲೆಲ್ಲ, "ಬಂದ್ಯೇನವ್ವ?" ಅಂತ ಮಾತಾಡಿಸಿ ಒಳಗಿಡುತ್ತಿದ್ದರು.

ಹೊರಗೆ ತೊಡುವ ರವಿಕೆಯ ಬಟ್ಟೆ ಹೀಗೆ ಊರೂರು ಮೆರವಣಿಗೆ ಹೋಗಬಹುದು, ಮುಖ್ಯಮಂತ್ರಿಯ ಕೈಯಲ್ಲಿ ಟೀವಿಯಲ್ಲೂ ಬರಬಹುದು. ಅದರ ಒಳಗೆ ತೊಡುವುದರ ಹೆಸರೆತ್ತಿದರೆ ಮಾತ್ರ ಮನೆಯೆಲ್ಲ ಕೆಮ್ಮುತ್ತದೆ. ನಮ್ಮಜ್ಜಿಯರು 'ಬಾಡಿ' ಅನ್ನುತ್ತಿದ್ದರು, ಈಗಿನವರು ದನಿ ತಗ್ಗಿಸಿ 'ಬ್ರಾ' ಅನ್ನುತ್ತಾರೆ. ಒಗೆದದ್ದಕ್ಕೆ ಬಿಸಿಲು ಕಾಣುವ ಭಾಗ್ಯವಿಲ್ಲ. ಹಗ್ಗದ ಮೇಲೆ ಅದರ ಮೇಲೊಂದು ಟವಲು, ಟವಲಿನ ಮೇಲೊಂದು ಲಂಗ. ಆಸ್ಟ್ರಿಯಾ ದೇಶದ ಲೆಂಗ್‌ಬರ್ಗ್ ಎಂಬ ಕೋಟೆಯಲ್ಲಿ 2008ರಲ್ಲಿ ದುರಸ್ತಿ ಮಾಡುವಾಗ ಒಂದು ಕೋಣೆಯ ನೆಲದಡಿ ಹಳೇ ಬಟ್ಟೆಯ ರಾಶಿ ಸಿಕ್ಕಿತಂತೆ. ಅದರಲ್ಲಿ ಹದಿನೈದನೇ ಶತಮಾನದ ನಾರುಬಟ್ಟೆಯ ಬ್ರಾಗಳೂ ಇದ್ದವು. ಅದು ನೆಲದಡಿಗೆ ಹೇಗೆ ಹೋಯಿತು ಅಂತ ಪಂಡಿತರು ಏನೇ ಹೇಳಲಿ, ನನಗೇನೂ ಅನುಮಾನವಿಲ್ಲ. ಆ ಮನೆಗೆ ಇದ್ದಕ್ಕಿದ್ದಂತೆ ಮಾವನವರು ಬಂದಿರಬೇಕು.

ರವಿಕೆಗಾದರೆ ಟೈಲರ್ ಇದ್ದಾನೆ. ಅವನಿಗೂ ಟೇಪು ಹಿಡಿಯುವ ಕಷ್ಟ ಕೊಡದೆ ನಾವು 'ಅಳತೆ ರವಿಕೆ' ತೆಗೆದುಕೊಂಡು ಹೋಗುತ್ತೇವೆ. ಆ ಅಳತೆ ರವಿಕೆಯನ್ನು ಹೊಲಿದದ್ದು ಅದರ ಹಿಂದಿನ ಅಳತೆ ರವಿಕೆ ನೋಡಿ, ಅದನ್ನು ಅದರ ಹಿಂದಿನದು ನೋಡಿ. ಹಾಗೆ ಹಿಂದೆ ಹೋದರೆ ಮದುವೆಗೆ ಮುಂಚಿನ ಒಬ್ಬ ಸಣಕಲು ಹುಡುಗಿ ಸಿಗುತ್ತಾಳೆ, ಅವಳಿಗೂ ಈಗಿನವಳಿಗೂ ಸಂಬಂಧ ಉಳಿದಿರುವುದು ರೇಷನ್ ಕಾರ್ಡಿನಲ್ಲಿ. ಒಳಗಿನದಕ್ಕೆ ಅಂಥ ಅಳತೆಯ ಮಾದರಿಯೂ ಇಲ್ಲ. ಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ಸರ, ಹೇರ್‌ಬ್ಯಾಂಡು, ಪೌಡರು ಎಲ್ಲ ಕೊಂಡು, ಬೇರೆ ಗಿರಾಕಿ ಹೋಗುವ ತನಕ ಬೇಡದ ಪಿನ್ನಿನ ದರ ಕೇಳುತ್ತ ನಿಂತು, ಕೊನೆಗೆ ಬಾಯಿ ಬಿಡಬೇಕು. ಅಂಗಡಿಯಾತ ಒಮ್ಮೆ ನೋಡುತ್ತಾನೆ, ಆಮೇಲೆ ಸಭ್ಯನಾಗಿ ಅಟ್ಟದ ಕಡೆ ಮುಖ ತಿರುಗಿಸಿ, "ಇದಾಯ್ತದೆ ತಗೊಳ್ಳಕ್ಕ," ಅಂತ ಒಂದು ಡಬ್ಬ ಇಳಿಸುತ್ತಾನೆ. ಅಳೆಯುವುದು ಅಸಭ್ಯ, ಅಂದಾಜು ಕಟ್ಟುವುದು ಸಭ್ಯ! ಹಾಕಿ ನೋಡುವ ಮಾತು ಎತ್ತುವಂತಿಲ್ಲ. ಪೇಪರಿನಲ್ಲಿ ಸುತ್ತಿ, ಅದನ್ನು ಕರೀ ಕವರಿಗೆ ಹಾಕಿ ಕೊಡುತ್ತಾನೆ. ಬಸ್ಸಿನಲ್ಲಿ ಪಕ್ಕದವರು ಬ್ರಾಂದಿ ಅಂದುಕೊಂಡರೂ ಪರವಾಗಿಲ್ಲ ಅನ್ನುವಷ್ಟು ಕಾಳಜಿ.

ಡಬ್ಬದ ಮೇಲೊಂದು ಸಂಖ್ಯೆ ಇರುತ್ತದೆ, 34 ಅಂತಲೋ 36 ಅಂತಲೋ. ನಮ್ಮ ಹೆಂಗಸರು ಅದನ್ನು ಗೋತ್ರದ ಹಾಗೆ ಒಮ್ಮೆ ತಿಳಿದುಕೊಂಡರೆ ಸಾಯುವ ತನಕ ಬದಲಿಸುವುದಿಲ್ಲ. ನಿಜಕ್ಕೂ ಅದರಲ್ಲಿ ಎರಡು ಅಳತೆಗಳಿವೆ. ಸಂಖ್ಯೆ ಎದೆಯ ಕೆಳಗಿನ ಸುತ್ತಳತೆ, ಇಂಚಿನಲ್ಲಿ. ಅದರ ಪಕ್ಕದ ಅಕ್ಷರ, ಎದೆಯ ತುಂಬು ಸುತ್ತಳತೆ ಅದಕ್ಕಿಂತ ಎಷ್ಟು ಹೆಚ್ಚು ಎಂಬುದು. ಒಂದಿಂಚು ಹೆಚ್ಚಾದರೆ ಎ, ಎರಡಾದರೆ ಬಿ, ಮೂರು ಸಿ, ನಾಲ್ಕು ಡಿ. ಹಾಗಾಗಿ 34ಬಿಯ ಬಟ್ಟಲೂ 32ಸಿಯ ಬಟ್ಟಲೂ ಒಂದೇ ಗಾತ್ರ, ಬೆನ್ನಪಟ್ಟಿ ಮಾತ್ರ ಬೇರೆ. ಭಾರದ ಬಹುಪಾಲು ಹೊರಬೇಕಾದ್ದು ಆ ಪಟ್ಟಿ, ಭುಜದ ಮೇಲಿನ ದಾರ ಬರೀ ಸಹಾಯಕ್ಕೆ. ನಮ್ಮಲ್ಲಿ ಬಿಗಿಯಾಯಿತು ಅಂದರೆ ಸಂಖ್ಯೆ ಹೆಚ್ಚಿಸುತ್ತಾರೆ, ಅಕ್ಷರದ ಗೊಡವೆಗೆ ಹೋಗುವುದಿಲ್ಲ. ಪಟ್ಟಿ ಸಡಿಲವಾಗಿ ಬೆನ್ನು ಹತ್ತುತ್ತದೆ, ಮುಂದಿನದು ಇಳಿಯುತ್ತದೆ, ಇಳಿದದ್ದನ್ನು ಎತ್ತಲು ಭುಜದ ದಾರ ಎಳೆದು ಕಟ್ಟುತ್ತಾರೆ, ಭುಜದಲ್ಲಿ ನೇಗಿಲ ಸಾಲು ಬೀಳುತ್ತದೆ. ಆಮೇಲೆ ಕತ್ತು ನೋವಿಗೆ ಯಾರದೋ ದೃಷ್ಟಿ ತಗುಲಿದೆ ಅಂತ ನೀವಾಳಿಸುತ್ತಾರೆ.

ಈ ವಸ್ತುವಿಗೆ ಅಮೆರಿಕದಲ್ಲಿ 1914ರಲ್ಲಿ ಪೇಟೆಂಟ್ ಪಡೆದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ಹೆಣ್ಣುಮಗಳು ಮೊದಲು ಮಾಡಿಕೊಂಡಿದ್ದು ಎರಡು ರೇಷ್ಮೆ ಕರ್ಚೀಫು, ಒಂದಿಷ್ಟು ರಿಬ್ಬನ್ನು ಸೇರಿಸಿ. ಮನೆಗೆಲಸದವಳು ಹೊಲಿಗೆಗೆ ಕೈ ಹಾಕಿದ್ದಳಂತೆ. ಆಮೇಲೆ ಹಕ್ಕನ್ನು 1,500 ಡಾಲರಿಗೆ ಒಂದು ಕಂಪನಿಗೆ ಮಾರಿ ಕೈತೊಳೆದುಕೊಂಡಳು. ಎ, ಬಿ, ಸಿ ಅಕ್ಷರಗಳು ಹುಟ್ಟಿದ್ದು 1930ರ ದಶಕದಲ್ಲಿ. ಇಷ್ಟು ವರ್ಷ ಕಳೆದರೂ ಆ ಅಕ್ಷರಮಾಲೆ ನಮ್ಮ ಕಡೆಯ ಅಂಗಡಿಗಳಿಗೆ ಬಿಯಿಂದ ಮುಂದೆ ಬಂದಿಲ್ಲ. ತಮಾಷೆಯೆಂದರೆ ಬೆಳಗಾಗೆದ್ದು ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗಿ ಇಂಚು ಇಂಚು ಲೆಕ್ಕದಲ್ಲಿ ಬಟ್ಟೆ ಹೊಲಿಯುವವರು ನಮ್ಮ ಹೆಣ್ಣುಮಕ್ಕಳೇ.

ಅತ್ತಿಗೆಯ ಭುಜದ ನೋವು ತಡೆಯಲಾರದೆ ಅವರ ಮಗಳು ಫೋನಿನಲ್ಲೇ ಹಟ ಹಿಡಿದು ನಮ್ಮಿಬ್ಬರನ್ನೂ ಮೈಸೂರಿಗೆ ಅಟ್ಟಿದಳು. ಅಲ್ಲಿ ಗಂಡಸರಿಲ್ಲದ, ಎ.ಸಿ. ಇದ್ದ ಅಂಗಡಿ. ಟೇಪು ಹಿಡಿದ ಹುಡುಗಿಯೊಬ್ಬಳು, "ಕೈ ಎತ್ತಿ ಆಂಟಿ," ಅಂದಳು. ಅರವತ್ತು ದಾಟಿದ ಅತ್ತಿಗೆ ಜೀವಮಾನದಲ್ಲಿ ಮೊದಲ ಸಲ ಕೈ ಎತ್ತಿದರು. ಮೂವತ್ತೆಂಟು ತೊಡುತ್ತಿದ್ದವರಿಗೆ ಹುಡುಗಿ, "34ಡಿ," ಅಂತ ತೀರ್ಪು ಕೊಟ್ಟಳು.

"ಡೀನಾ? ಓದೋವಾಗ್ಲೂ ನಂಗೆ ಡಿ ಬಂದಿರ್ಲಿಲ್ಲ ಕಣವ್ವ."

"ಇದು ಮಾರ್ಕ್ಸಲ್ಲ ಆಂಟಿ, ಸೈಜು."

ಕೋಣೆಯೊಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನನಗೆ ಗಾಬರಿಯಾಗಿ ಬಾಗಿಲು ತಟ್ಟಿದರೆ, "ಸುಮ್ನಿರೇ, ಉಸಿರಾಡ್ತಾ ಇದೀನಿ," ಅಂದರು. ಬಿಲ್ಲು ನೋಡಿದಾಗ ಆ ಉಸಿರು ಮತ್ತೆ ನಿಂತಿತು. "ಈ ದುಡ್ಡಿಗೆ ಚಾಮುಂಡಿಗೆ ಒಳ್ಳೇ ಸೀರೆನೇ ಬತ್ತಿತ್ತು!" ಪಾಪಭೀತಿಗೆ ಪರಿಹಾರವಾಗಿ ಅಲ್ಲಿಂದಲೇ ಇನ್ನೊಂದು ಅಂಗಡಿಗೆ ಹೋಗಿ ದೇವಿಗೂ ಒಂದು ಸೀರೆ ಕೊಂಡು, ಬೆಟ್ಟಕ್ಕೆ ಹೋದೆವು. ಹೀಗೆ ನನ್ನ ಲೆಕ್ಕದಲ್ಲಿ ಒಂದು ಬ್ರಾದ ಬೆಲೆ ಯಾವಾಗಲೂ ಎರಡರಷ್ಟು.

ಸರದಿಯಲ್ಲಿ ನಿಂತು ಯೋಚಿಸಿದೆ. ಬೆಟ್ಟದ ಚಾಮುಂಡಿ, ಪಿರಿಯಾಪಟ್ಟಣದ ಮಸಣಿಕಮ್ಮ, ಎಚ್.ಡಿ.ಕೋಟೆಯ ಚಿಕ್ಕದೇವಮ್ಮ, ಇವರಿಗೆ ಸೀಮೆಯ ಹೆಂಗಸರು ಕೊಟ್ಟ ಸೀರೆ, ಕಣಗಳಿಗೆ ಲೆಕ್ಕವುಂಟೇ? ಅಷ್ಟರಲ್ಲಿ ಹೊಲಿದದ್ದು ಒಂದೂ ಇಲ್ಲ. ಅರ್ಚಕರು ನೆರಿಗೆ ಹಿಡಿದು, ಮಡಿಸಿ, ಸಿಕ್ಕಿಸಿ ಎಂಥ ಬಟ್ಟೆಯನ್ನೂ ತಾಯಿಯ ಮೈಗೆ ಒಪ್ಪಿಸಿಬಿಡುತ್ತಾರೆ. ಹುಕ್ಕಿಲ್ಲ, ಎಲಾಸ್ಟಿಕ್ಕಿಲ್ಲ, ಭುಜದ ಮೇಲೆ ಗೀರಿಲ್ಲ. ಮಹಿಷನನ್ನು ಕೊಂದವಳು ಆ ದಿನ ಏನು ತೊಟ್ಟಿದ್ದಳೋ, ಯಾವ ಪುರಾಣಿಕನೂ ಬಿಡಿಸಿ ಹೇಳಿದ್ದು ನಾನು ಕೇಳಿಲ್ಲ. ಎಂಟೋ ಹದಿನೆಂಟೋ ಕೈಗಳನ್ನು ಒಟ್ಟಿಗೆ ಎತ್ತಬೇಕಾದವಳಿಗೆ ಅದು ಸಣ್ಣ ವಿಷಯವಾಗಿರಲಾರದು.

ಇಂಥ ಇನ್ನೊಬ್ಬ ದೇವಿಯ ಸುದ್ದಿ ಬಂದದ್ದು ಅತ್ತಿಗೆಯ ಮಗಳಿಂದ. ಅವಳಿರುವುದು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಅವಳ ಆಫೀಸಿನ ಗೆಳತಿಯೊಬ್ಬಳು ಕ್ರೈಸ್ತ ಮತಕ್ಕೂ ಹಿಂದಿನ ಹಳೇ ದೇವರುಗಳಿಗೆ ನಡೆದುಕೊಳ್ಳುವವಳು, ಓಡಿನ್, ಥಾರ್, ಫ್ರೇಯಾ. ಆ ಕಡೆ ಇದು ಮತ್ತೆ ಚಿಗುರಿದೆ. ಐಸ್‌ಲ್ಯಾಂಡಿನಲ್ಲಿ ಸ್ವೇನ್‌ಬ್ಯೋರ್ನ್ ಬೇಂಟೇನ್ಸನ್ ಎಂಬ ಕುರಿ ಸಾಕುವ ಕವಿ 1972ರಲ್ಲಿ ಜೊತೆಗಾರರೊಂದಿಗೆ ಸಂಘ ಕಟ್ಟಿ, ಮರುವರ್ಷವೇ ಸರ್ಕಾರದ ಮಾನ್ಯತೆಯನ್ನೂ ಪಡೆದಿದ್ದ. ಮಗಳು ವಿಡಿಯೋ ಕಾಲಿನಲ್ಲಿ ಇದನ್ನು ಹೇಳುತ್ತಿದ್ದರೆ ಅತ್ತಿಗೆಗೆ ಇದ್ದದ್ದು ಕೆಲಸಕ್ಕೆ ಬರುವ ಪ್ರಶ್ನೆಗಳು.

"ಕಾಯಿ ಒಡೀತಾರಾ?"

"ಇಲ್ಲಮ್ಮ. ಬ್ರೆಡ್ಡು, ಹಣ್ಣು, ಹೂವು ಇಡ್ತಾರೆ. ಜೇನುತುಪ್ಪದಿಂದ ಮಾಡಿದ ಹೆಂಡ ಮರದ ಬುಡಕ್ಕೆ ಹುಯ್ತಾರೆ."

"ನಮ್ಮ ಮಾರಮ್ಮಂಗೂ ಇಡ್ತಾರಲ್ಲ, ಅದೇನು ಹೊಸದು? ಆ ಹೆಣ್ಣು ದೇವ್ರಿಗೆ ಯಾವ ವಾರ?"

"ಫ್ರೇಯಾಗಾ? ಇವಳು ಶುಕ್ರವಾರ ಮಾಡ್ತಾಳಮ್ಮ."

"ಮತ್ತೆ! ವಾಹನ?"

"ಬೆಕ್ಕು. ಎರಡು ಬೆಕ್ಕು ರಥ ಎಳೀತವೆ."

ಅತ್ತಿಗೆ ಸ್ವಲ್ಪ ಹೊತ್ತು ಯೋಚಿಸಿ, "ಸಿಂಹನೇ ಇರ್ಬೇಕು. ಚಳಿಗೆ ಮುದುರ್ಕೊಂಡಿದೆ," ಅಂದರು.

ಆ ಗೆಳತಿ ಹೇಳಿದ ಒಂದು ಕಥೆ ನನಗೆ ಬಹಳ ಹಿಡಿಸಿತು. ಥಾರನ ಸುತ್ತಿಗೆಯನ್ನು ದೈತ್ಯರ ಅರಸನೊಬ್ಬ ಕದ್ದು, ಫ್ರೇಯಾಳನ್ನು ನನಗೆ ಮದುವೆ ಮಾಡಿಕೊಟ್ಟರೆ ಮಾತ್ರ ವಾಪಸ್ ಅನ್ನುತ್ತಾನೆ. ಫ್ರೇಯಾ ಸಿಟ್ಟಿನಿಂದ ಬಿಟ್ಟ ಉಸಿರಿಗೆ ಕೊರಳ ಹಾರವೇ ಕಳಚಿ ಬೀಳುತ್ತದೆ. ಕೊನೆಗೆ ಆ ಗಡ್ಡದ ಥಾರನಿಗೇ ಮದುವಣಗಿತ್ತಿಯ ವೇಷ ಹಾಕಿ, ಎದೆಯ ಮೇಲೆ ಅಗಲವಾದ ಒಡವೆ ಇಟ್ಟು, ಮುಖಕ್ಕೆ ಮುಸುಕು ಎಳೆದು ಕಳಿಸುತ್ತಾರೆ. ಈ ದೇವರುಗಳಿಗೆ ಊರೆಲ್ಲ ನಡೆದುಕೊಳ್ಳುತ್ತಿದ್ದ ಕಾಲದಲ್ಲಿ ಅಲ್ಲಿನ ಹೆಂಗಸರು ಮೇಲಂಗಿಯ ದಾರಗಳನ್ನು ಎದೆಯ ಮೇಲೆ ಎರಡು ಮೊಟ್ಟೆಯಾಕಾರದ ಕಂಚಿನ ಪದಕಗಳಿಂದ ಸಿಕ್ಕಿಸಿಕೊಳ್ಳುತ್ತಿದ್ದರು, ಅವು ಜೋಡಿ ಜೋಡಿಯಾಗಿ ಗೋರಿಗಳಲ್ಲಿ ಸಿಕ್ಕಿವೆ. ಮದುವೆಯೂಟದಲ್ಲಿ ಈ ಮದುಮಗಳು ಒಂದು ಎತ್ತು, ಎಂಟು ಸಾಲ್ಮನ್ ಮೀನು ತಿಂದು ಮೂರು ಪೀಪಾಯಿ ಹೆಂಡ ಕುಡಿಯುತ್ತಾಳೆ. ಸುತ್ತಿಗೆ ಮಡಿಲಿಗೆ ಬಂದ ಕೂಡಲೇ ಎದ್ದು ಬೀಗರನ್ನೆಲ್ಲ ಬಡಿದು ಹಾಕುತ್ತಾಳೆ. ಪಂಡಿತರು ಇದನ್ನು ಶೌರ್ಯ ಅನ್ನುತ್ತಾರೆ. ಅಳತೆಗೆ ಕೂರದ್ದನ್ನು ಮೈಗೆ ಬಿಗಿದುಕೊಂಡು ಛತ್ರದಲ್ಲಿ ಮುಹೂರ್ತದಿಂದ ಎರಡನೇ ಪಂಕ್ತಿಯ ತನಕ ನಗುನಗುತ್ತಾ ಓಡಾಡಿರುವ ಯಾವ ಹೆಂಗಸನ್ನಾದರೂ ಕೇಳಿ, ಸುತ್ತಿಗೆ ಸಿಗದ್ದಕ್ಕೆ ನಮ್ಮಲ್ಲಿ ಇನ್ನೂ ಮದುವೆಗಳು ಸುಸೂತ್ರವಾಗಿ ನಡೆಯುತ್ತಿವೆ ಅನ್ನುತ್ತಾಳೆ.

ಕಳೆದ ಸಲ ಮಗಳು ಊರಿಗೆ ಬಂದು ಹೊರಟಾಗ ಅತ್ತಿಗೆ ಮಡಿಲಕ್ಕಿ ಕಟ್ಟಿದರು. ಅಕ್ಕಿ, ಬೆಲ್ಲ, ಕೊಬ್ಬರಿ, ಜೊತೆಗೆ ಆ ಪಾಚಿ ಹಸಿರು ಕಣ. ಅಲ್ಲಿ ಆ ಗೆಳತಿ ಅದನ್ನು ನೋಡಿ ಇದೇನೆಂದು ಕೇಳಿದಳಂತೆ. ನಮ್ಮ ಕಡೆ ದೇವಿಗೂ ಹೆಂಗಸರಿಗೂ ಕೊಡುವುದು ಅಂತ ಇವಳು ಹೇಳಿದ್ದೇ ತಡ, ಭಕ್ತಿಯಿಂದ ಎರಡೂ ಕೈಯಲ್ಲಿ ಈಸಿಕೊಂಡು, ಶುಕ್ರವಾರ ಫ್ರೇಯಾಳ ಮುಂದೆ ಹಾಸಿ, ಅದರ ಮೇಲೆ ಜೇನಿನ ಬಟ್ಟಲು ಇಟ್ಟಳಂತೆ. ಫೋಟೋ ಬಂತು. ಅತ್ತಿಗೆ ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ದೇವಿಯನ್ನಲ್ಲ, ಮೂಲೆಯ ಅರಿಶಿನದ ಕಲೆಯನ್ನು.

"ಅಂತೂ ಹೋಯ್ತು. ಇನ್ನು ವಾಪಸ್ ಬರಲ್ಲ ಬಿಡು," ಅಂದರು.

ನನಗೆ ಅಷ್ಟು ಧೈರ್ಯವಿಲ್ಲ. ಬರುವ ಚಳಿಗಾಲದಲ್ಲಿ ಆ ಗೆಳತಿ ಮೈಸೂರು ನೋಡಲು ಬರುತ್ತಾಳಂತೆ, ಮಿರ್ಲೆಯ ಮನೆಗೂ ಬರುತ್ತಾಳಂತೆ. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದು ಅಂತ ಮಗಳು ಈಗಾಗಲೇ ಅವಳಿಗೆ ಹೇಳಿಕೊಟ್ಟಿದ್ದಾಳೆ.